ಇದ್ದ ದನಿ ಇದ್ದಹಾಗೆ: ಕಿವಿಯೊಳಗಿನ ಇಯರ್‌ಫೋನ್ ಆರಿಸುವ ಬಗೆ

ಶಿವಮೊಗ್ಗದ ನೆಹರೂ ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಸಾಲಾಗಿ ತೂಗುಹಾಕಿರುವ ಇಯರ್‌ಫೋನ್ ಪೆಟ್ಟಿಗೆಗಳನ್ನು ತಿರುಗಿಸಿ ಓದಿದರೆ ಎಲ್ಲದರ ಮೇಲೂ ಹೆಚ್ಚುಕಡಿಮೆ ಒಂದೇ ಬರಹ ಕಾಣಿಸುತ್ತದೆ: ಬೇಸ್ ಜೋರಾಗಿದೆ, ಸದ್ದು ಹುಟ್ಟಿಸುವ ಡ್ರೈವರ್ ದೊಡ್ಡದಿದೆ, 20ರಿಂದ 20,000 ಹರ್ಟ್ಸ್‌ವರೆಗೆ (ಸೆಕೆಂಡಿಗೆ ಅಷ್ಟು ಕಂಪನಗಳವರೆಗೆ) ಕೇಳಿಸುತ್ತದೆ. ಹಾಡುವವರ ದನಿ ಅವರ ದನಿಯಂತೆಯೇ ಕೇಳಿಸುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಆ ಪೆಟ್ಟಿಗೆಗಳಲ್ಲಿ ಉತ್ತರವಿರುವುದಿಲ್ಲ. ನಿಖರತೆ ಎಂದರೆ ಧ್ವನಿಮುದ್ರಣದಲ್ಲಿ ಇದ್ದುದಕ್ಕೆ ಇಯರ್‌ಫೋನ್ ತನ್ನದೇನನ್ನೂ ಸೇರಿಸದೆ, ಇದ್ದುದರಲ್ಲಿ ಏನನ್ನೂ ನುಂಗದೆ ಕಿವಿಗೆ ಮುಟ್ಟಿಸುವುದು. ಸಮತೋಲ ಎಂದರೆ ತಗ್ಗಿನ, ನಡುವಿನ, ಎತ್ತರದ ಸ್ವರಗಳಲ್ಲಿ ಯಾವುದೂ ಇನ್ನೊಂದರ ಮೇಲೆ ಏರಿ ಕೂರದಿರುವುದು. ಹೇಳಲು ಸರಳವಾದ ಈ ಎರಡು ಗುಣಗಳು ಕಿವಿಯೊಳಗೆ ತೂರಿಸಿಕೊಳ್ಳುವ ಇಯರ್‌ಫೋನಿನಲ್ಲಿ ಸಿಗುವುದು ಏಕೆ ಕಷ್ಟ, ಸಿಕ್ಕಿದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ ಎಂಬುದು ಈ ಲೇಖನದ ವಿಷಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಇಯರ್‌ಫೋನ್ ಕಿವಿಯಲ್ಲಿ ಹೇಗೆ ಕೂರುತ್ತದೆ ಎಂಬುದು ಮೊದಲನೆಯದು, ತಯಾರಕರು ಅದರ ದನಿಯನ್ನು ಹೇಗೆ ಹದಗೊಳಿಸಿದ್ದಾರೆ ಎಂಬುದು ಎರಡನೆಯದು, ಜಾಹೀರಾತಿನಲ್ಲಿ ಬರುವ ಉಳಿದ ಸಂಗತಿಗಳೆಲ್ಲ ಬಹಳ ಹಿಂದೆ ಬರುವಂಥವು.

ಸ್ವರಗಳ ಹರವನ್ನು ನಮಗೆ ಪರಿಚಿತವಾದ ದನಿಗಳಿಂದಲೇ ಅಳೆದು ನೋಡೋಣ. ಬಿಳಿ ಒಂದು ಶ್ರುತಿಯಲ್ಲಿ ಹಾಡುವ ಗಂಡುದನಿಯ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್‌ನಲ್ಲಿರುತ್ತದೆ. ಅದಕ್ಕೆ ಹಿಡಿಯುವ ತಂಬೂರಿಯ ಮಂದ್ರ ತಂತಿ 65 ಹರ್ಟ್ಸ್‌ನ ಆಸುಪಾಸಿನಲ್ಲಿ ಮಿಡಿಯುತ್ತದೆ. ಆದರೆ ತಂಬೂರಿಗೆ ಅದರ ಗುರುತನ್ನು ಕೊಡುವುದು ಈ ಮೂಲ ಸ್ವರಕ್ಕಿಂತ ಹೆಚ್ಚಾಗಿ, ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ಎಳೆ ದಾರದಿಂದ ಅರಳಿ ಹಲವು ಸಾವಿರ ಹರ್ಟ್ಸ್‌ವರೆಗೂ ಮೇಲೇರುವ ಉಪಸ್ವರಗಳ ಝೇಂಕಾರ. ಮದ್ದಳೆಯ ಎಡಮುಖದ ಗುಂಭವು ನೂರು ಹರ್ಟ್ಸ್‌ನ ಸುತ್ತಮುತ್ತಲಿನ ವಲಯವನ್ನು ಅವಲಂಬಿಸಿದರೆ, ಚಂಡೆಯ ಪೆಟ್ಟಿನ ಮೊನೆ, ಜಾಗಟೆಯ ಲೋಹದ ಸದ್ದು, ಗೆಜ್ಜೆಯ ಕಿಲಿಕಿಲಿ ಇವೆಲ್ಲ ಎರಡು ಸಾವಿರ ಹರ್ಟ್ಸ್‌ನಿಂದ ಮೇಲಕ್ಕೆ ಚಾಚಿಕೊಂಡಿರುತ್ತವೆ. ಒಂದೇ ವಾದ್ಯದ ಒಂದೇ ಪೆಟ್ಟಿನಲ್ಲಿ ತಗ್ಗಿನ ಸ್ವರವೂ ಎತ್ತರದ ಸ್ವರವೂ ಇರುವುದರಿಂದ, ಇಯರ್‌ಫೋನ್ ಈ ಎರಡರ ಪ್ರಮಾಣವನ್ನು ಕೊಂಚ ಕದಲಿಸಿದರೂ ವಾದ್ಯದ ಬಣ್ಣವೇ ಬದಲಾಗುತ್ತದೆ. ಎತ್ತರದ ಸ್ವರ ಕಡಿಮೆಯಾದರೆ ಚಂಡೆ ಮರದ ಪೆಟ್ಟಿಗೆ ಬಡಿದಂತಾಗುತ್ತದೆ. ಹೆಚ್ಚಾದರೆ ಭಾಗವತರ ದನಿಯನ್ನು ಜಾಗಟೆಯೇ ನುಂಗುತ್ತದೆ.

ಮಾತಿನ ಮಟ್ಟಿಗೆ ಹೇಳುವುದಾದರೆ ಕನ್ನಡದ ಸ, ಶ, ಷ ಎಂಬ ಮೂರು ಅಕ್ಷರಗಳಿಗಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಈ ಮೂರೂ ಉಸಿರಿನ ಸದ್ದುಗಳೇ. ಇವುಗಳಲ್ಲಿ ‘ಸ’ದ ಶಕ್ತಿ ಬಹುಮಟ್ಟಿಗೆ ಐದು ಸಾವಿರ ಹರ್ಟ್ಸ್‌ಗಿಂತ ಮೇಲಿರುತ್ತದೆ, ‘ಶ’ ಮತ್ತು ‘ಷ’ ಅದಕ್ಕಿಂತ ಕೆಳಗೆ ನಿಲ್ಲುತ್ತವೆ. ಹಳೆಯ ದೂರವಾಣಿ 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತಿದ್ದುದರಿಂದ ಫೋನಿನಲ್ಲಿ ಹೆಸರು ಹೇಳುವಾಗ ‘ಸ’ ಎಂದರೆ ಆ ಕಡೆಯವರಿಗೆ ‘ಫ’ ಎಂದು ಕೇಳಿಸುತ್ತಿತ್ತು. ಒಳ್ಳೆಯ ಧ್ವನಿಮುದ್ರಣದಲ್ಲಿ ಈ ಅಕ್ಷರಗಳು ಬೇರೆಬೇರೆಯಾಗಿ, ಆದರೆ ಕಿವಿಗೆ ಚುಚ್ಚದೆ ಕೇಳಿಸಿದರೆ ಇಯರ್‌ಫೋನಿನ ಮೇಲಿನ ಸ್ವರಗಳು ಹದದಲ್ಲಿವೆ ಎಂದರ್ಥ. ತುಂಗೆಯ ದಡದ ಹೊಸಹಳ್ಳಿ ಮತ್ತು ಮತ್ತೂರುಗಳು ಗಮಕದ ಊರುಗಳು, ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ ಗಮಕಕ್ಕಾಗಿಯೇ 2022ರಲ್ಲಿ ಪದ್ಮಶ್ರೀ ಸಂದಿತ್ತು. ತಾಳವಾದ್ಯದ ಗದ್ದಲವಿಲ್ಲದೆ ಶ್ರುತಿ ಮತ್ತು ದನಿಯನ್ನಷ್ಟೇ ನೆಚ್ಚಿ, ಒಂದೊಂದು ಅಕ್ಷರವನ್ನೂ ಬಿಡಿಸಿ ವಾಚಿಸುವ ಈ ಕಲೆಯ ಧ್ವನಿಮುದ್ರಣವು, ಅಂಗಡಿಯವರು ಕೇಳಿಸುವ ಸಿನಿಮಾ ಹಾಡಿಗಿಂತ ಎಷ್ಟೋ ಬೇಗ ಇಯರ್‌ಫೋನಿನ ಹುಳುಕನ್ನು ಹೊರಗೆಡಹುತ್ತದೆ.

ಸಮರೇಖೆ ಎಂಬ ತಪ್ಪು ತಿಳಿವಳಿಕೆ

ಎಲ್ಲ ಸ್ವರಗಳನ್ನೂ ಸಮಪ್ರಮಾಣದಲ್ಲಿ ಹೊರಡಿಸುವ ಇಯರ್‌ಫೋನೇ ನಿಖರವಾದದ್ದು ಎಂದು ಮೇಲ್ನೋಟಕ್ಕೆ ತೋರುತ್ತದೆ. ಲೌಡ್‌ಸ್ಪೀಕರಿನ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಇಯರ್‌ಫೋನಿನ ವಿಷಯದಲ್ಲಿ ಇದು ಸುಳ್ಳಾಗುವುದಕ್ಕೆ ಕಾರಣ ನಮ್ಮ ಕಿವಿಯ ರಚನೆಯೇ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಳತುದಿಯಲ್ಲಿ ಕಿವಿದಮಟೆಯಿಂದ ಮುಚ್ಚಿರುವ ಕೊಳವೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಅದು ತನ್ನದೇ ಒಂದು ಸ್ವರದಲ್ಲಿ ಮೊಳಗುವಂತೆ, ಈ ನಾಳವೂ 2.5ರಿಂದ 3 ಕಿಲೋಹರ್ಟ್ಸ್‌ನ ಆಸುಪಾಸಿನ ಸದ್ದನ್ನು ತಾನಾಗಿಯೇ ಹಿಗ್ಗಿಸುತ್ತದೆ. ಹೊರಕಿವಿಯ ಬಟ್ಟಲೂ ಜತೆಗೂಡಿದಾಗ ಆ ವಲಯದ ಸದ್ದು ಕಿವಿದಮಟೆಯ ಬಳಿ ಹತ್ತು ಡೆಸಿಬೆಲ್‌ಗೂ ಮೀರಿ ಬಲಗೊಳ್ಳುತ್ತದೆ. ಎದುರಿಗೆ ಕುಳಿತು ಹಾಡುವವರ ದನಿಯನ್ನು ಹುಟ್ಟಿದಾಗಿನಿಂದ ನಾವು ಈ ಹಿಗ್ಗಿನೊಂದಿಗೇ ಕೇಳಿದ್ದೇವೆ. ಮಿದುಳು ಅದನ್ನು ಸಹಜವೆಂದೇ ಎಣಿಸುತ್ತದೆ.

ಇಯರ್‌ಫೋನನ್ನು ತೂರಿಸಿ ನಾಳದ ಬಾಯಿ ಮುಚ್ಚಿದ ಕೂಡಲೇ ಈ ಏರ್ಪಾಡು ಕೆಟ್ಟುಹೋಗುತ್ತದೆ. ಹೊರಕಿವಿಗೆ ಅಲ್ಲಿ ಕೆಲಸವೇ ಇಲ್ಲ. ಒಂದು ತುದಿ ತೆರೆದಿದ್ದ ಕೊಳವೆ ಈಗ ಎರಡೂ ತುದಿ ಮುಚ್ಚಿದ ಕೊಳವೆಯಾಗಿದೆ. ಮೂರು ಕಿಲೋಹರ್ಟ್ಸ್‌ನ ಸಹಜ ಹಿಗ್ಗು ಮಾಯವಾಗಿ, ಉಳಿದ ನಾಳದ ಉದ್ದಕ್ಕೆ ತಕ್ಕಂತೆ ಇನ್ನೊಂದು ಹಿಗ್ಗು ಎಂಟು ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ನಿಖರವಾದ ಇಯರ್‌ಫೋನ್, ಕಳೆದುಹೋದ ಮೂರು ಕಿಲೋಹರ್ಟ್ಸ್‌ನ ಏರನ್ನು ತಾನೇ ತುಂಬಿಕೊಡಬೇಕಾಗುತ್ತದೆ. ಯಾವ ಸ್ವರ ಎಷ್ಟು ಜೋರು ಎಂದು ತೋರಿಸುವ ಅಳತೆಯ ನಕ್ಷೆಯಲ್ಲಿ ಗೆರೆ ನೆಟ್ಟಗೆ ಮಲಗಿದ್ದರೆ ಅಂಥ ಇಯರ್‌ಫೋನಿನಲ್ಲಿ ಹಾಡುಗಾರರು ಪಕ್ಕದ ಕೋಣೆಯ ಬಾಗಿಲು ಹಾಕಿಕೊಂಡು ಹಾಡಿದಂತೆ ಮಂಕಾಗಿ ಕೇಳಿಸುತ್ತಾರೆ. ಗೆರೆಯಲ್ಲಿ ಗುಡ್ಡ ಇದ್ದರೇ ದನಿ ಸಹಜ. ಗುಡ್ಡ ಎಷ್ಟು ಎತ್ತರ ಇರಬೇಕು, ಎಲ್ಲಿ ಇರಬೇಕು ಎಂಬುದರ ಮೇಲೆಯೇ ನಾಲ್ಕು ದಶಕಗಳಿಂದ ಚರ್ಚೆ ನಡೆದಿದೆ.

ಆ ಚರ್ಚೆಗೆ ಗಟ್ಟಿ ತಳಹದಿ ಹಾಕಿದವರಲ್ಲಿ ಅಮೆರಿಕದ ಮೀಡ್ ಕಿಲಿಯನ್ ಪ್ರಮುಖರು. ಶ್ರವಣಸಾಧನಗಳ ಹಿನ್ನೆಲೆಯಿಂದ ಬಂದ ಅವರು 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಸಂಸ್ಥೆಯನ್ನು ಕಟ್ಟಿದರು. ಅಲ್ಲಿಂದ 1991ರಲ್ಲಿ ಹೊರಬಂದ ಇಆರ್-4 ಎಂಬ ಇಯರ್‌ಫೋನ್, ಸುತ್ತಲಿನಿಂದಲೂ ಸಮವಾಗಿ ಸದ್ದು ಬರುವ ಕೋಣೆಯಲ್ಲಿ ತೆರೆದ ಕಿವಿಯ ತಮಟೆಗೆ ಏನು ತಲುಪುತ್ತದೋ ಅದನ್ನೇ ಮಾದರಿಯಾಗಿ ಇಟ್ಟುಕೊಂಡಿತ್ತು. ಅದರ ದನಿ ಇಂದಿಗೂ ನಿಖರತೆಯ ಒಂದು ಅಳತೆಗೋಲು. ಅದರಲ್ಲಿ ಬೇಸ್ ತೆಳುವಾಯಿತೆಂದು ಹೇಳುವವರೂ ಅಂದಿನಿಂದ ಇದ್ದಾರೆ. 2012ರ ನಂತರ ಹಾರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಲೌಡ್‌ಸ್ಪೀಕರ್ ಹೇಗೆ ಕೇಳಿಸುತ್ತದೋ ಅದನ್ನು ಆಧಾರವಾಗಿಟ್ಟುಕೊಂಡು, ಬ್ರಾಂಡ್ ಯಾವುದೆಂದು ತಿಳಿಯದಂತೆ ಬಹುಮಂದಿ ಕೇಳುಗರಿಗೆ ಬೇರೆಬೇರೆ ದನಿಹದಗಳನ್ನು ಕೇಳಿಸಿ, ಹೆಚ್ಚಿನವರು ಮೆಚ್ಚಿದ ಹದವನ್ನು ಗೆರೆಯಾಗಿ ಬರೆದರು. ಕಿವಿಯೊಳಗಿನ ಇಯರ್‌ಫೋನಿಗೆ ಅವರು ಕೊಟ್ಟ ಗೆರೆಯ 2019ರ ಆವೃತ್ತಿ ಈಗ ಹೆಚ್ಚು ಬಳಕೆಯಲ್ಲಿದೆ. ಕೋಣೆಯ ಗೋಡೆಗಳು ತಗ್ಗಿನ ಸ್ವರವನ್ನು ಸಹಜವಾಗಿ ಹೆಚ್ಚಿಸುವುದರಿಂದ ಈ ಗೆರೆಯ ಎಡತುದಿಯಲ್ಲಿ ಬೇಸ್ ಸ್ಪಷ್ಟವಾಗಿ ಮೇಲೆದ್ದಿದೆ.

ಇವೆರಡರಲ್ಲಿ ಯಾವುದು ನಿಜ ಎಂದು ಕೇಳಿದರೆ, ಕೇಳುವ ಸಂಗೀತದ ಮೇಲೆ ಹೋಗುತ್ತದೆ ಎಂಬುದೇ ಪ್ರಾಮಾಣಿಕ ಉತ್ತರ. ಗಿಟಾರ್, ಡ್ರಮ್, ಸಿಂಥಸೈಜರ್‌ಗಳ ಇಂದಿನ ಧ್ವನಿಮುದ್ರಣಗಳನ್ನು ಸ್ಟುಡಿಯೋದ ಲೌಡ್‌ಸ್ಪೀಕರುಗಳ ಮುಂದೆ ಕುಳಿತು ಹದಗೊಳಿಸಿರುತ್ತಾರೆ. ಅವಕ್ಕೆ ಹಾರ್ಮನ್ ಗೆರೆಯ ಬೇಸ್ ಒಪ್ಪುತ್ತದೆ. ದನಿ, ವೀಣೆ, ಕೊಳಲು, ಗಮಕ, ತಾಳಮದ್ದಳೆ ಇವುಗಳನ್ನೇ ಹೆಚ್ಚಾಗಿ ಕೇಳುವವರಿಗೆ ಅದಕ್ಕಿಂತ ಒಂದಿಷ್ಟು ಕಡಿಮೆ ಬೇಸ್, ಅಂದರೆ ಎರಡು ಮಾದರಿಗಳ ನಡುವಣ ಒಂದು ಹದ ಹೆಚ್ಚು ಸರಿಹೊಂದುತ್ತದೆ ಎಂಬುದು ನನ್ನ ಅನಿಸಿಕೆ.

ಬೇಸ್ ಹೆಚ್ಚಿದ್ದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಕಿವಿಯ ಒಂದು ಗುಣ ಇಲ್ಲಿ ಅಡ್ಡ ಬರುತ್ತದೆ. ತಗ್ಗಿನ ಸ್ವರ ಜೋರಾಗಿದ್ದಾಗ ಅದು ತನಗಿಂತ ಮೇಲಿನ ಸ್ವರಗಳನ್ನು ಮರೆಮಾಡುತ್ತದೆ. ಮೇಲಿನ ಸ್ವರಗಳು ತಗ್ಗಿನವನ್ನು ಅಷ್ಟಾಗಿ ಮರೆಮಾಡುವುದಿಲ್ಲ. ಆದ್ದರಿಂದ 200 ಹರ್ಟ್ಸ್‌ನ ಸುತ್ತ ಉಬ್ಬಿಕೊಂಡ ಇಯರ್‌ಫೋನಿನಲ್ಲಿ ಕೆಡುವುದು ಮೃದಂಗವೊಂದೇ ಅಲ್ಲ, ಹಾಡಿನ ಸಾಹಿತ್ಯವೂ ಮಸುಕಾಗುತ್ತದೆ. ಅದೇ ಬೇಸ್ 100 ಹರ್ಟ್ಸ್‌ಗಿಂತ ಕೆಳಗೆ ಮಾತ್ರ ಏರಿದ್ದರೆ ದನಿಗೆ ಅಷ್ಟು ತೊಂದರೆಯಿಲ್ಲ. ನಕ್ಷೆ ನೋಡುವಾಗ ಬೇಸ್ ಎಷ್ಟು ಏರಿದೆ ಎನ್ನುವುದರ ಜತೆಗೆ ಆ ಏರು ಎಲ್ಲಿಗೆ ಇಳಿದು ಮುಗಿಯುತ್ತದೆ ಎಂಬುದನ್ನೂ ನೋಡಬೇಕು.

ನಕ್ಷೆಗಳ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಿಮರ್ಶಕರು ಪ್ರಕಟಿಸುವ ನಕ್ಷೆಗಳಲ್ಲಿ ಬಹುಪಾಲು, ಮನುಷ್ಯರ ಕಿವಿಯನ್ನು ಅನುಕರಿಸುವ ಒಂದು ಲೋಹದ ಕೊಳವೆಯಲ್ಲಿ ಅಳೆದವು. ಐಇಸಿ 60318-4 ಎಂಬ ಅಂತರರಾಷ್ಟ್ರೀಯ ಮಾನದಂಡಕ್ಕೆ ಒಳಪಟ್ಟ ಈ ಸಾಧನವನ್ನು ಹಳೆಯ ಸಂಖ್ಯೆಯಿಂದ ‘711’ ಎಂದೇ ಕರೆಯುವುದು ರೂಢಿ. ಎಂಟು ಕಿಲೋಹರ್ಟ್ಸ್‌ವರೆಗೆ ಅದರ ಮಾತನ್ನು ನಂಬಬಹುದು. ಅದರಿಂದ ಮೇಲೆ ಇಯರ್‌ಫೋನನ್ನು ಎಷ್ಟು ಆಳಕ್ಕೆ ತೂರಿಸಿದ್ದಾರೆ ಎಂಬುದರ ಮೇಲೆ ಗೆರೆ ಏರಿಳಿಯುತ್ತದೆ. ಬೇರೆಬೇರೆ ವಿಮರ್ಶಕರ ಸಾಧನಗಳಲ್ಲಿ ಅಳೆದ ಗೆರೆಗಳನ್ನು ಒಂದರ ಮೇಲೊಂದಿಟ್ಟು ಹೋಲಿಸುವುದೂ ಸರಿಯಲ್ಲ. ಒಬ್ಬರೇ ಅಳೆದ ಎರಡು ಇಯರ್‌ಫೋನುಗಳ ಹೋಲಿಕೆ ಮಾತ್ರ ಅರ್ಥಪೂರ್ಣ.

ಕೂರುವಿಕೆಯೇ ಅರ್ಧ ದನಿ

ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಇಯರ್‌ಫೋನಿನ ತುದಿಯ ರಬ್ಬರು ಕಿವಿಯ ನಾಳವನ್ನು ಸಂದಿಲ್ಲದೆ ಮುಚ್ಚದಿದ್ದರೆ ಆ ನಕ್ಷೆಗೆ ಬೆಲೆಯಿಲ್ಲ. ಕೂದಲೆಳೆಯಷ್ಟು ಸಂದಿ ಇದ್ದರೂ ತಗ್ಗಿನ ಸ್ವರದ ಗಾಳಿಯೊತ್ತಡ ಅಲ್ಲಿಂದ ಸೋರಿಹೋಗುತ್ತದೆ, ಎತ್ತರದ ಸ್ವರಗಳು ಹಾಗೆಯೇ ಉಳಿಯುತ್ತವೆ. ಪರಿಣಾಮವಾಗಿ ಸಮತೋಲದ ಇಯರ್‌ಫೋನ್ ಕೀರಲಾಗಿ ಕೇಳಿಸುತ್ತದೆ. ಕೊಂಡವರು ‘ಬೇಸೇ ಇಲ್ಲ’ ಎಂದು ಮರಳಿ ಕಳಿಸಿ, ಬೇಸ್ ಉಕ್ಕುವ ಇನ್ನೊಂದನ್ನು ತರಿಸಿಕೊಳ್ಳುತ್ತಾರೆ. ಅದೂ ಅವರ ಕಿವಿಯಲ್ಲಿ ಸೋರುತ್ತಲೇ ಇರುತ್ತದೆ.

ಪರೀಕ್ಷೆ ಸುಲಭ. ಫೋನಿನಲ್ಲಿ ಸ್ವರ ಹೊರಡಿಸುವ ಯಾವುದಾದರೂ ಆ್ಯಪ್‌ನಿಂದ 50 ಹರ್ಟ್ಸ್‌ನ ಒಂದೇ ಸ್ವರವನ್ನು ಮೆಲುದನಿಯಲ್ಲಿ ಹಚ್ಚಿ, ಒಂದು ಕಿವಿಯ ಇಯರ್‌ಫೋನನ್ನು ಬೆರಳ ತುದಿಯಿಂದ ಮೆಲ್ಲನೆ ಒತ್ತಬೇಕು. ಒತ್ತಿದಾಗ ಸ್ವರ ಗಮನಾರ್ಹವಾಗಿ ಜೋರಾದರೆ, ಬಿಟ್ಟಾಗ ಸೊರಗಿದರೆ ಅಲ್ಲಿ ಸಂದಿ ಇದೆ. ಒಂದು ಅಳತೆ ದೊಡ್ಡ ರಬ್ಬರನ್ನು ಹಾಕಿ ಮತ್ತೆ ನೋಡಬೇಕು. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಚಿಕ್ಕದು, ನಡುವಿನದು, ದೊಡ್ಡದು ಎಂದು ಮೂರು ಜತೆ ಕೊಟ್ಟಿರುತ್ತಾರೆ. ಬಹಳ ಮಂದಿ ಕಾರ್ಖಾನೆಯಲ್ಲಿ ಹಾಕಿ ಕಳಿಸಿದ ನಡುವಿನದನ್ನೇ ಜೀವಮಾನವಿಡೀ ಬಳಸುತ್ತಾರೆ. ಎಡಕಿವಿ ಮತ್ತು ಬಲಕಿವಿಯ ನಾಳಗಳು ಒಂದೇ ಅಳತೆಯವೇ ಆಗಿರಬೇಕೆಂದಿಲ್ಲ, ಹೀಗಾಗಿ ಎರಡು ಕಿವಿಗೆ ಎರಡು ಅಳತೆಯ ರಬ್ಬರು ಹಾಕಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಹಾಕಿಕೊಳ್ಳುವಾಗ ಇನ್ನೊಂದು ಕೈಯಿಂದ ಕಿವಿಯ ಮೇಲಂಚನ್ನು ಹಿಂದಕ್ಕೂ ಮೇಲಕ್ಕೂ ಎಳೆದರೆ ಡೊಂಕಾದ ನಾಳ ನೆಟ್ಟಗಾಗಿ ರಬ್ಬರು ಸರಿಯಾದ ಜಾಗಕ್ಕೆ ಹೋಗಿ ಕೂರುತ್ತದೆ.

ನಮ್ಮ ಕಡೆಗೆ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ದವಡೆ ಆಡಿದಾಗ ಕಿವಿಯ ನಾಳದ ಆಕಾರ ಬದಲಾಗುತ್ತದೆ. ಎಲೆಯಡಿಕೆ ಜಗಿಯುತ್ತ ಇಯರ್‌ಫೋನಿನಲ್ಲಿ ಯಕ್ಷಗಾನ ಕೇಳುವವರಿಗೆ ಮದ್ದಳೆ ಒಮ್ಮೆ ತುಂಬಿ ಒಮ್ಮೆ ಸೊರಗಿ ಕೇಳಿಸಿದರೆ ಅದು ಮದ್ದಳೆಗಾರರ ಕೈವಾಡವಲ್ಲ. ಸ್ಪಂಜಿನಂಥ ಫೋಮ್ ತುದಿಗಳು ಇಂಥ ಅಲುಗಾಟಕ್ಕೆ ರಬ್ಬರಿಗಿಂತ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಅವು ಎತ್ತರದ ಸ್ವರವನ್ನು ಕೊಂಚ ತಗ್ಗಿಸುತ್ತವೆ, ಮಲೆನಾಡಿನ ತೇವದಲ್ಲಿ ಬೇಗ ಹಾಳಾಗುತ್ತವೆ, ತೊಳೆದು ಬಳಸಲು ಅಷ್ಟಾಗಿ ಒದಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು.

ತೂರಿಸಿದ ಆಳವೂ ದನಿಯನ್ನು ಬದಲಿಸುತ್ತದೆ. ಇಯರ್‌ಫೋನಿನ ಬಾಯಿಗೂ ಕಿವಿದಮಟೆಗೂ ನಡುವೆ 21 ಮಿಲಿಮೀಟರ್ ಉಳಿದರೆ ಆ ಮುಚ್ಚಿದ ಕೊಳವೆಯ ಹಿಗ್ಗು ಸುಮಾರು 8 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. 17 ಮಿಲಿಮೀಟರಿಗೆ ಇಳಿದರೆ ಅದು 10 ಕಿಲೋಹರ್ಟ್ಸ್‌ಗೆ ಏರುತ್ತದೆ. ‘ಸ’ಕಾರ ಚುಚ್ಚುತ್ತಿದೆ ಎನಿಸಿದಾಗ ಇಯರ್‌ಫೋನನ್ನು ಬೈಯುವ ಮೊದಲು ಉದ್ದವಾದ ಅಥವಾ ಗಿಡ್ಡವಾದ ರಬ್ಬರು ಹಾಕಿ ಆಳವನ್ನು ಬದಲಿಸಿ ನೋಡುವುದು ಲೇಸು. ಒಬ್ಬರಿಗೆ ಚುಚ್ಚುವ ಇಯರ್‌ಫೋನ್ ಇನ್ನೊಬ್ಬರಿಗೆ ಹಿತವಾಗಿ ಕೇಳಿಸುವುದಕ್ಕೆ ಬಹಳ ಸಲ ಇದೇ ಕಾರಣ.

ಮಳೆಗಾಲದ ನಾಲ್ಕು ತಿಂಗಳು ಹೆಂಚಿನ ಅಥವಾ ತಗಡಿನ ಮಾಡಿನಡಿ ಕುಳಿತು ಕೇಳುವವರಿಗೆ ಕೂರುವಿಕೆಯ ಇನ್ನೊಂದು ಪ್ರಯೋಜನ ಬೇಗ ತಿಳಿಯುತ್ತದೆ. ಹೊರಗಿನ ಸದ್ದನ್ನು ತಡೆಯುವುದೂ ನಿಖರತೆಯ ಒಂದು ಭಾಗವೇ. ಮಳೆಯ ಮೊರೆತ ತಂಬೂರಿಯನ್ನು ಮುಚ್ಚಿಹಾಕಿದರೆ ಇಯರ್‌ಫೋನ್ ಅದನ್ನು ಎಷ್ಟು ಶುದ್ಧವಾಗಿ ನುಡಿಸಿದರೂ ಕೇಳುವವರಿಗೆ ಸಿಗುವುದು ಶೂನ್ಯ. ಸದ್ದಡಗಿಸುವ ವಿದ್ಯುನ್ಮಾನ ವ್ಯವಸ್ಥೆ, ಅಂದರೆ ಎಎನ್‌ಸಿ, ಬಸ್ಸಿನ ಎಂಜಿನ್ನಿನಂಥ ತಗ್ಗಿನ ಏಕತಾನದ ಸದ್ದನ್ನು ಚೆನ್ನಾಗಿ ತಗ್ಗಿಸುತ್ತದೆ. ತಗಡಿನ ಮೇಲೆ ಬೀಳುವ ಹನಿಗಳ ಪಟಪಟ ಸದ್ದಿನ ಮುಂದೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಕೆಲಸ ಮಾಡುವುದು ರಬ್ಬರಿನ ಬಿಗಿ ಮುಚ್ಚಳವೇ. ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಮಾತ್ರ ಇಷ್ಟು ಬಿಗಿಯಾಗಿ ಮುಚ್ಚಿದ ಕಿವಿ ಕಿರಿಕಿರಿ ಕೊಡಬಹುದು. ಎರಡು ತಿರುವಿಗೊಮ್ಮೆ ಇಯರ್‌ಫೋನನ್ನು ತುಸು ಸಡಿಲಿಸಿದರೆ ಒತ್ತಡ ಸಮವಾಗುತ್ತದೆ.

ಹೋಲಿಸಿ ಕೇಳುವ ಕ್ರಮ

ಅಂಗಡಿಯಲ್ಲಿ ಕಿವಿಯೊಳಗಿನ ಇಯರ್‌ಫೋನನ್ನು ಹಾಕಿಕೊಂಡು ನೋಡಲು ಬಿಡುವುದು ಅಪರೂಪ, ಮತ್ತೊಬ್ಬರು ಹಾಕಿ ತೆಗೆದದ್ದನ್ನು ಹಾಕಿಕೊಳ್ಳುವುದು ಸರಿಯೂ ಅಲ್ಲ. ಆದ್ದರಿಂದ ಹೋಲಿಕೆ ಸಾಮಾನ್ಯವಾಗಿ ಸ್ನೇಹಿತರ ನಡುವೆ, ಅವರವರ ರಬ್ಬರು ಹಾಕಿಕೊಂಡು ನಡೆಯುತ್ತದೆ. ಆಗ ಎಲ್ಲಕ್ಕಿಂತ ಮುಖ್ಯವಾದದ್ದು ಎರಡನ್ನೂ ಒಂದೇ ಜೋರಿನಲ್ಲಿ ಕೇಳುವುದು. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದಂತೆ, ಕಿವಿ ಎಲ್ಲ ಸ್ವರಗಳನ್ನೂ ಸಮವಾಗಿ ಗ್ರಹಿಸುವುದಿಲ್ಲ. ವಾಲ್ಯೂಮ್ ತಗ್ಗಿದಂತೆ ಬೇಸ್ ಉಳಿದ ಸ್ವರಗಳಿಗಿಂತ ಬೇಗ ಮರೆಯಾಗುತ್ತದೆ. ಹೀಗಾಗಿ ಒಂದೇ ಇಯರ್‌ಫೋನ್ ಮೆಲ್ಲಗಿದ್ದಾಗ ತೆಳುವಾಗಿಯೂ ಜೋರಾದಾಗ ತುಂಬಿಯೂ ಕೇಳಿಸುತ್ತದೆ. ಎರಡು ಇಯರ್‌ಫೋನುಗಳಲ್ಲಿ ಒಂದು ಡೆಸಿಬೆಲ್‌ನಷ್ಟು ಜೋರಾಗಿರುವುದು ಹೆಚ್ಚು ಸ್ಪಷ್ಟವೆಂದು ತೋರುತ್ತದೆಯೇ ಹೊರತು ಹೆಚ್ಚು ಜೋರೆಂದು ಅನ್ನಿಸುವುದಿಲ್ಲ. ಒಂದೇ ಮಾತಿನ ತುಣುಕನ್ನು ಎರಡರಲ್ಲೂ ಹಾಕಿ ದನಿಯ ಜೋರು ಸರಿಸಮವಾಗುವಂತೆ ವಾಲ್ಯೂಮ್ ಹೊಂದಿಸಿದ ನಂತರವೇ ಗುಣದ ಮಾತಾಡಬೇಕು.

ಯಾವುದನ್ನು ಹಾಕಿ ಕೇಳಬೇಕು? ಮೇಳದ ಆಟವನ್ನು ರಂಗಸ್ಥಳದಲ್ಲಿ ಮೈಕಿನ ಮೂಲಕ ಹಿಡಿದ ಮುದ್ರಣಗಳು ಪ್ರೀತಿಯವೇ ಆದರೂ ಪರೀಕ್ಷೆಗೆ ಒದಗುವುದಿಲ್ಲ. ಕಹಳೆ ಸ್ಪೀಕರಿನಿಂದ ಹೊರಟ ದನಿಯನ್ನೇ ಅಲ್ಲಿ ಮತ್ತೆ ಹಿಡಿದಿರುತ್ತಾರೆ, ನಿಖರವಾದ ಇಯರ್‌ಫೋನ್ ಆ ಕರ್ಕಶವನ್ನೂ ನಿಖರವಾಗಿಯೇ ಒಪ್ಪಿಸುತ್ತದೆ. ಸ್ಟುಡಿಯೋದಲ್ಲಿ ಹಿಡಿದ ತಾಳಮದ್ದಳೆ, ಗಮಕ ಅಥವಾ ಒಂಟಿ ಕೊಳಲು ಉತ್ತಮ. ಎಲ್ಲಕ್ಕಿಂತ ಮಿಗಿಲಾದದ್ದು ಮನೆಯವರದೇ ದನಿ. ಇಂದಿನ ಫೋನುಗಳಲ್ಲಿ ಸುಮಾರಾಗಿ ಹಿಡಿದರೂ, ಅಜ್ಜಿ ಹೇಳುವ ಒಂದು ಹಾಡನ್ನು ಹತ್ತಿರದಿಂದ ರೆಕಾರ್ಡ್ ಮಾಡಿ, ಕೂಡಲೇ ಇಯರ್‌ಫೋನಿನಲ್ಲಿ ಕೇಳಿ, ಮತ್ತೆ ಅವರ ಬಾಯಿಂದಲೇ ಕೇಳಿದರೆ ಯಾವ ಸ್ವರ ಉಬ್ಬಿದೆ, ಯಾವುದು ಕುಗ್ಗಿದೆ ಎಂಬುದು ಕಿವಿಗೆ ಹೊಳೆಯುತ್ತದೆ. ಮೂಗಿನಲ್ಲಿ ಹಾಡಿದಂತೆ ಕೇಳಿಸಿದರೆ ಒಂದು ಕಿಲೋಹರ್ಟ್ಸ್‌ನ ಆಸುಪಾಸು ಹೆಚ್ಚಿದೆ. ಎದೆಯೊಳಗಿನಿಂದ ಗುಂಯ್ಗುಟ್ಟಿದಂತಿದ್ದರೆ 200-300 ಹರ್ಟ್ಸ್ ಹೆಚ್ಚಿದೆ. ಕೂಗಿದಂತಿದ್ದರೆ ಮೂರು ಕಿಲೋಹರ್ಟ್ಸ್‌ನ ಗುಡ್ಡ ಅತಿಯಾಗಿದೆ. ಈ ಒಂದೇ ದನಿ ತಲೆಯ ನಟ್ಟನಡುವೆ ನಿಲ್ಲದೆ ಒಂದು ಕಡೆಗೆ ವಾಲಿದರೆ ಎಡಬಲ ಡ್ರೈವರುಗಳು ಹೊಂದುತ್ತಿಲ್ಲ, ಇಲ್ಲವೇ ಒಂದು ಕಿವಿಯಲ್ಲಿ ಸಂದಿ ಇದೆ.

ಕಿವಿಯ ರೂಢಿಗೂ ಇಲ್ಲಿ ಪಾತ್ರವಿದೆ. ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ ಕೇಳಿ ಬೆಳೆದವರ ಕಿವಿ, ನಾಲ್ಕೈದು ಕಿಲೋಹರ್ಟ್ಸ್‌ಗೆ ಮುಗಿದುಹೋಗುವ ಸಂಗೀತಕ್ಕೆ ಒಗ್ಗಿದ್ದು. ನಮ್ಮಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಸ್ ಆಗಿರುವುದರಿಂದ ರೇಡಿಯೋ ಪೆಟ್ಟಿಗೆ ಆ ನಾಲ್ಕೈದು ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರವನ್ನು ಕೊಡುವುದು ಕಷ್ಟ. ಆ ಬೆಚ್ಚನೆಯ ದನಿಯೇ ನಿಜವಾದ ದನಿ ಎಂದುಕೊಂಡವರಿಗೆ ಸಮತೋಲದ ಇಯರ್‌ಫೋನ್ ಮೊದಲ ದಿನ ಒರಟಾಗಿ ಕೇಳಿಸುವುದು ಸಹಜ. ಬೇಸ್ ಉಕ್ಕುವ ಬ್ಲೂಟೂತ್ ಸ್ಪೀಕರಿನಿಂದ ಬಂದ ಎಳೆಯರಿಗೆ ಅದೇ ಇಯರ್‌ಫೋನ್ ಸಪ್ಪೆ. ಇಬ್ಬರೂ ವಾರದ ಮಟ್ಟಿಗೆ ಅದನ್ನೊಂದನ್ನೇ ಬಳಸಿ ತೀರ್ಮಾನಿಸಬೇಕು. ಹೊಸ ಇಯರ್‌ಫೋನನ್ನು ನೂರು ಗಂಟೆ ಓಡಿಸಿದರೆ ಅದು ಪಳಗುತ್ತದೆ ಎನ್ನುವ ಮಾತಿನಲ್ಲಿ, ಪಳಗುವುದು ಬಹುಮಟ್ಟಿಗೆ ಕೇಳುವವರ ಕಿವಿಯೇ.

ಪೆಟ್ಟಿಗೆಯ ಮೇಲಿನ ಉಳಿದ ಬರಹಗಳನ್ನು ಬೇಗ ಮುಗಿಸಬಹುದು. 20ರಿಂದ 20,000 ಹರ್ಟ್ಸ್ ಎಂಬ ಸಂಖ್ಯೆ, ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಎಂದು ಹೇಳದಿದ್ದರೆ ಏನನ್ನೂ ಹೇಳಿದಂತಲ್ಲ. ಹೈ-ರೆಸ್ ಎಂಬ ಚಿನ್ನದ ಬಣ್ಣದ ಚೀಟಿ 40,000 ಹರ್ಟ್ಸ್‌ವರೆಗಿನ ಸಾಮರ್ಥ್ಯವನ್ನು ಸಾರುತ್ತದೆ. ಐವತ್ತು ದಾಟಿದವರಲ್ಲಿ ಅನೇಕರಿಗೆ ಅದರ ಮೂರನೆಯ ಒಂದು ಭಾಗವೂ ಕೇಳಿಸುವುದಿಲ್ಲ. ಡೈನಾಮಿಕ್, ಬ್ಯಾಲೆನ್ಸ್ಡ್ ಆರ್ಮೇಚರ್, ಪ್ಲೇನಾರ್ ಎಂಬ ಡ್ರೈವರ್ ಜಾತಿಗಳಲ್ಲಿ ಯಾವುದೂ ಹುಟ್ಟಿನಿಂದಲೇ ನಿಖರವಲ್ಲ. ಒಂದೇ ಡ್ರೈವರಿನ ಇಯರ್‌ಫೋನ್ ಎಂಟು ಡ್ರೈವರಿನದನ್ನು ಮೀರಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಬೆಳ್ಳಿಯ ವೈರಿಗೆ ದುಡ್ಡು ಹಾಕುವುದಕ್ಕಿಂತ ಬಿಡಿಸಿ ಬದಲಿಸಬಹುದಾದ ಸಾಧಾರಣ ವೈರು ಇರುವ ಇಯರ್‌ಫೋನ್ ಕೊಳ್ಳುವುದು ಬುದ್ಧಿವಂತಿಕೆ, ಏಕೆಂದರೆ ಮೊದಲು ಕೈಕೊಡುವುದು ವೈರೇ.

ಒಂದು ವಿದ್ಯುತ್ ಸಂಗತಿಯನ್ನು ಮಾತ್ರ ಗಮನಿಸಬೇಕು. ಹಲವು ಬ್ಯಾಲೆನ್ಸ್ಡ್ ಆರ್ಮೇಚರುಗಳಿರುವ ಇಯರ್‌ಫೋನಿನ ವಿದ್ಯುತ್ ತಡೆ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಅದನ್ನು ನುಡಿಸುವ ಫೋನ್ ಅಥವಾ ಡಾಂಗಲ್ಲಿನ (ಫೋನಿಗೂ ಇಯರ್‌ಫೋನಿನ ವೈರಿಗೂ ನಡುವೆ ಸಿಕ್ಕಿಸುವ ಪುಟ್ಟ ಸಾಧನದ) ಒಳತಡೆ ಹೆಚ್ಚಿದ್ದರೆ ದನಿಯ ಹದವೇ ಪಲ್ಲಟವಾಗುತ್ತದೆ. ಇಯರ್‌ಫೋನಿನ ತಡೆಯ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಒಳತಡೆ ಇರಬೇಕೆಂಬುದು ರೂಢಿಯ ಸೂತ್ರ. 16 ಓಮ್‌ನ ಇಯರ್‌ಫೋನಿಗೆ 2 ಓಮ್‌ಗಿಂತ ಕಡಿಮೆ. ಯುಎಸ್‌ಬಿ-ಸಿ ಡಾಂಗಲ್ಲುಗಳಲ್ಲಿ ಒಳ್ಳೆಯವು ಒಂದು ಓಮ್‌ನ ಸುತ್ತಮುತ್ತ ಇರುವುದರಿಂದ ಇದಕ್ಕಾಗಿ ದೊಡ್ಡ ಆಂಪ್ಲಿಫೈಯರ್ ಬೇಕಾಗಿಲ್ಲ.

ವೈರು ಬೇಕೋ ಬ್ಲೂಟೂತ್ ಸಾಕೋ ಎಂಬ ಪ್ರಶ್ನೆಗೆ, ಒಂದೇ ದುಡ್ಡಿಗೆ ನಿಖರತೆ ಬೇಕಾದರೆ ವೈರಿನದೇ ಮೇಲು ಎನ್ನುತ್ತೇನೆ. ಬ್ಯಾಟರಿ, ರೇಡಿಯೋ, ಮೈಕುಗಳಿಗೆ ಹೋಗುವ ಹಣ ಅಲ್ಲಿ ದನಿಗೆ ಹೋಗುತ್ತದೆ. ಬ್ಲೂಟೂತಿನಲ್ಲಿ ದನಿಯನ್ನು ಅಡಕಮಾಡಿ ಕಳಿಸುವ ಕೋಡೆಕ್ಕುಗಳಲ್ಲಿ ಎಸ್‌ಬಿಸಿ ಸೆಕೆಂಡಿಗೆ ಸುಮಾರು 328 ಕಿಲೋಬಿಟ್, ಎಲ್‌ಡಿಎಸಿ 990 ಕಿಲೋಬಿಟ್‌ವರೆಗೆ ಸಾಗಿಸುತ್ತದೆ ಎಂಬ ಲೆಕ್ಕ ನಿಜವಾದರೂ, ದನಿಹದ ಕೆಟ್ಟಿರುವ ಇಯರ್‌ಫೋನನ್ನು ಯಾವ ಕೋಡೆಕ್ಕೂ ಉದ್ಧರಿಸಲಾರದು. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮೂನ್‌ಡ್ರಾಪ್ ಚು 2, ಸೆವೆನ್‌ಹರ್ಟ್ಸ್ ಸಾಲ್ನೋಟ್ಸ್ ಜೀರೋ ಇವು ಹಾರ್ಮನ್ ಗೆರೆಗೆ ಹತ್ತಿರವಾದ ಹದವನ್ನು ಕೊಡುತ್ತವೆ. ಟ್ರೂತ್‌ಇಯರ್ ಹೆಕ್ಸಾ ಬೇಸನ್ನು ಹಿಡಿತದಲ್ಲಿಟ್ಟು ದನಿಯನ್ನು ಬಿಡಿಸಿಡುತ್ತದೆ. ಎಟಿಮೋಟಿಕ್‌ನ ಇಆರ್2ಎಸ್‌ಇ ಗಮಕಕ್ಕೂ ಮಳೆಸದ್ದಿಗೂ ನನ್ನ ಮೊದಲ ಆಯ್ಕೆ. ಅದರ ಮೂರು ಬಳೆಯ ರಬ್ಬರು ನಾಳದೊಳಕ್ಕೆ ಆಳವಾಗಿ ಹೋಗುವುದನ್ನು ಎಲ್ಲರೂ ಸಹಿಸುವುದಿಲ್ಲ. ಕೈಯಲ್ಲಿ ಈಗಾಗಲೇ ಇರುವ ಇಯರ್‌ಫೋನ್ ಸರಿಯಾಗಿ ಕೂರುತ್ತಿದ್ದರೆ, ಹೊಸದನ್ನು ಕೊಳ್ಳುವ ಮೊದಲು ವೇವ್‌ಲೆಟ್‌ನಂಥ ಆ್ಯಪ್‌ನ ಈಕ್ವಲೈಸರಿನಲ್ಲಿ 200 ಹರ್ಟ್ಸ್‌ನ ಉಬ್ಬನ್ನು ಎರಡು ಮೂರು ಡೆಸಿಬೆಲ್ ಇಳಿಸಿ ನೋಡಬೇಕು. ಏರಿಸುವುದಕ್ಕಿಂತ ಇಳಿಸುವುದೇ ಸುರಕ್ಷಿತ. ಏರಿಸಿದರೆ ದನಿ ಒಡೆಯುವ ಸಂಭವವಿದೆ.

ಜೋರಿನ ಮಿತಿಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಸ್ಪಷ್ಟವಾಗಿದೆ: ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, 90 ಡೆಸಿಬೆಲ್‌ನಲ್ಲಿ 4 ಗಂಟೆ. ಅಡಿಕೆ ಸುಲಿಯುವ ಕಾಲದಲ್ಲಿ ನಡುರಾತ್ರಿವರೆಗೂ ಪ್ರಸಂಗಗಳನ್ನು ಕೇಳುವವರು ಸುಲಿಯುವ ಯಂತ್ರದ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸಿದರೆ ಈ ನಾಲ್ಕು ಗಂಟೆ ಒಂದೇ ರಾತ್ರಿಯಲ್ಲಿ ಮುಗಿದುಹೋಗುತ್ತದೆ. ಹೊರಸದ್ದನ್ನು ತಡೆಯುವ ಬಿಗಿಯಾದ ರಬ್ಬರಿದ್ದರೆ ಅದೇ ಹಾಡನ್ನು ಎಷ್ಟೋ ತಗ್ಗಿಸಿ ಕೇಳಬಹುದು.

ಆಷಾಢ, ಶ್ರಾವಣದ ತೇವಕ್ಕೆ ಇಯರ್‌ಫೋನುಗಳು ಸುಲಭವಾಗಿ ಬಲಿಯಾಗುತ್ತವೆ. ಬಟ್ಟೆ ಒಣಗಿಸುವ ಹಾಗೆ ಬಚ್ಚಲೊಲೆಯ ಪಕ್ಕದಲ್ಲಿ ಇಟ್ಟರೆ ಒಳಗಿನ ಅಂಟು ಸಡಿಲವಾಗಿ ಹೊಗೆಯೂ ಸೇರುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಇಡುವುದು ಸಾಕು. ಒಂದು ಕಡೆಯ ದನಿ ದಿನೇ ದಿನೇ ತಗ್ಗುತ್ತ ಬಂದರೆ ಡ್ರೈವರ್ ಹೋಯಿತೆಂದು ತೀರ್ಮಾನಿಸುವ ಮೊದಲು ರಬ್ಬರನ್ನು ಕಳಚಿ ಬಾಯಿಯ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಬಹಳ ಸಲ ಅಲ್ಲಿ ಕಿವಿಯ ಗುಗ್ಗೆ ಕಟ್ಟಿಕೊಂಡಿರುತ್ತದೆ. ಜಾಲರಿಯನ್ನು ಕೆಳಮುಖವಾಗಿ ಹಿಡಿದು ಒಣ ಮೆದು ಬ್ರಷ್ಷಿನಿಂದ ಉಜ್ಜಬೇಕು, ಸೂಜಿ ಹಾಕಬಾರದು. ರಬ್ಬರನ್ನು ಮಾತ್ರ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಮತ್ತೆ ಹಾಕಬೇಕು.